ಅಣ್ಣನ ಮನೇಲಿ ತಮ್ಮ

"ಕೈ ಹಿಂದಕ್ಕೆ ಕಟ್ಕೊಳ್ಳಿ ಮೇಡಂ. ಏನನ್ನೂ ಮುಟ್ಟಬೇಡಿ. ಸೀನು ಬಂದ್ರೆ ಹೊರಗೆ ಹೋಗಿ ಸೀನಿ."

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ನನಗೆ ಹೀಗೆ ಅಪ್ಪಣೆ ಕೊಟ್ಟವರು ಸಾಮಾನ್ಯವಾಗಿ ಎರಡನೆಯ ಸಲ ಕೊಡುವುದಿಲ್ಲ. ಆದರೆ ಈಕೆಯ ಕೈಯಲ್ಲಿ ಇಲಿಯ ಕರುಳಿತ್ತು, ನನಗೆ ಈಕೆಯಿಂದ ಕೆಲಸ ಆಗಬೇಕಿತ್ತು. ಬಾಯಿ ಮುಚ್ಚಿಕೊಂಡು ನಿಂತೆ.

ಆಕೆ ತೆಳ್ಳನೆಯ ಗಾಜಿನ ಕಡ್ಡಿಯನ್ನು ಕರುಳಿನ ತುಂಡಿನೊಳಗೆ ತೂರಿಸಿದಳು. ತುದಿ ಹಿಡಿದು, ದಿಂಬಿನ ಗಲೀಬು ಮಗುಚುವ ಹಾಗೆ ಒಳಮೈಯನ್ನು ಹೊರಕ್ಕೆ ಮಗುಚಿದಳು. ಒಂದು ತುದಿಗೆ ದಾರದ ಗಂಟು, ಇನ್ನೊಂದು ತುದಿಯಿಂದ ಒಳಕ್ಕೆ ಒಂದಿಷ್ಟು ದ್ರಾವಣ, ಮತ್ತೊಂದು ಗಂಟು. ಬೆರಳುದ್ದದ ಚೀಲ ಸಿದ್ಧವಾಯಿತು. ವರ್ಷಗಟ್ಟಲೆ ಇದನ್ನೇ ಮಾಡುತ್ತ ಬಂದಿದ್ದರಿಂದ ಆ ಪ್ರಯೋಗಶಾಲೆಯಲ್ಲಿ ಆಕೆಯ ಹೆಸರೇ ಚೀಲಕ್ಕ ಎಂದಾಗಿತ್ತು.

"ಈಗ ಕರುಳಿನ ಉಣ್ಣೋ ಮೈ ಹೊರಗಡೆ ಇದೆ," ಎಂದಳು ಚೀಲಕ್ಕ. "ಮೊಟ್ಟೆ, ಬೇಳೆ, ಮಾಂಸ, ನೀವು ಏನೇ ತಿನ್ನಿ, ಅದರ ಪ್ರೋಟೀನ್ ಒಡೆದೂ ಒಡೆದೂ ಕೊನೆಗೆ ಅಮೈನೋ ಆಮ್ಲ ಆಗುತ್ತೆ. ಅದು ರಕ್ತ ಸೇರೋಕೆ ಮುಂಚೆ ದಾಟಬೇಕಾದ ಗೋಡೆ ಇದು. ಲೋಟದಲ್ಲಿ ಅಮೈನೋ ಆಮ್ಲ ಹಾಕಿ ಈ ಚೀಲ ಮುಳುಗಿಸ್ತೀನಿ. ಎಷ್ಟು ಒಳಗೆ ಬಂತು ಅಂತ ನೋಡ್ತೀನಿ. ಇಷ್ಟೇ ನನ್ನ ಜೀವನ."

"ಇದಕ್ಕೂ ಕೊಲೆಗೂ ಏನು ಸಂಬಂಧ?"

"ಅದನ್ನ ನೀವು ಹೇಳ್ಬೇಕು. ನೀವಲ್ವಾ ಪತ್ತೇದಾರರು?"

ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ. ಅದರ ಹಿಂದೆಯೇ ಹುಳಿತೇಗೂ ಬಂತು. ನನ್ನ ಬ್ಯಾಗಿನಿಂದ ಮಾತ್ರೆ ತೆಗೆದು ಅಗಿದೆ. ಹೊಟ್ಟೆಯ ಹುಳಿ ನನ್ನ ಹಳೆಯ ಶತ್ರು, ಕೇಸು ಬಿಗಿಯಾದಷ್ಟೂ ಅದರ ಕಾಟ ಹೆಚ್ಚು.

ಈ ಪ್ರಯೋಗಶಾಲೆಯ ಮುಖ್ಯಸ್ಥರು, ಎಲ್ಲರ ಬಾಯಲ್ಲೂ 'ಮೇಷ್ಟ್ರು', ಹಿಂದಿನ ವಾರ ಇದೇ ಕೋಣೆಯಲ್ಲಿ ಕುಸಿದುಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿ ಹೃದಯ ನಿಂತಿತ್ತು. ಮೊದಲೇ ಮೂತ್ರಪಿಂಡ ಕೆಟ್ಟವರು ನಿಜ, ಆದರೆ ಯಾರೋ ತಿನ್ನಿಸದೆ ಇಷ್ಟು ಏರುವುದಿಲ್ಲ ಎಂದು ವೈದ್ಯರು ಪೊಲೀಸರಿಗೆ ಬರೆದುಕೊಟ್ಟಿದ್ದರು. ಪ್ರಾಣ ಹೋಗುವ ಮುನ್ನ ಮೇಷ್ಟ್ರು ಆಡಿದ ಮಾತು ಒಂದೇ. ಪಕ್ಕದಲ್ಲಿದ್ದ ನರ್ಸ್ ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದಳು.

"ಅಣ್ಣನ ಮನೇಲಿ ತಮ್ಮ."

ಹಾಗಂದರೇನು ಎಂದು ನರ್ಸ್ ಮೇಷ್ಟ್ರ ಹೆಂಡತಿಯನ್ನು ಕೇಳಿದ್ದಳು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಅವರ ತಮ್ಮ ನಮ್ಮ ಮನೇಲೇ ಇರೋದು," ಎಂದಿದ್ದರು. ಪೊಲೀಸರಿಗೆ ಅಷ್ಟು ಸಾಕಾಯಿತು.

ಆ ತಮ್ಮನೇ ನನ್ನ ಕಕ್ಷಿದಾರ. ಮದುವೆಯಾಗದವರು, ಅಣ್ಣನ ಮನೆಯ ಮಹಡಿಯ ಕೋಣೆಯಲ್ಲೇ ತಲೆ ನರೆಸಿಕೊಂಡವರು. ಕನ್ನಡಕದ ಗಾಜು ಉಜ್ಜಿ ಕೂರಿಸುವುದು ಅವರ ಕಸುಬು, ಅದಕ್ಕೇ ಎಲ್ಲರಿಗೂ ಅವರು ಕನ್ನಡಕದವರು. ಮಾರನೆಯ ದಿನ ಬೆಳಿಗ್ಗೆ ಠಾಣೆಗೆ ಬರಬೇಕೆಂದು ಇನ್ಸ್‌ಪೆಕ್ಟರ್ ಅವರಿಗೆ ಹೇಳಿಕಳಿಸಿದ್ದರು. ಬರುವಾಗ ಬದಲಿ ಬಟ್ಟೆ ತನ್ನಿ ಎಂದೂ ಸೇರಿಸಿದ್ದರು. ಅಂದರೆ ನನಗೆ ಉಳಿದದ್ದು ಈ ಒಂದು ಮಧ್ಯಾಹ್ನ.

ನಾನು ಇಲ್ಲಿಗೆ ಬರುವ ಮುನ್ನ, ಬೆಳಿಗ್ಗೆ, ಅವರು ನನ್ನ ಎದುರು ಕೂತು ಅತ್ತಿದ್ದರು. ಠಾಣೆಯ ಮಾತೇ ಅವರ ಬಾಯಲ್ಲಿರಲಿಲ್ಲ.

"ಜೈಲಿಗೆ ಹಾಕ್ಲಿ ನೋಡಮ್ಮಾ, ಬೇಸರ ಇಲ್ಲ. ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ತಟ್ಟೆ ತಂದು ಮೆಟ್ಟಿಲ ಮೇಲೆ ಇಟ್ಟು, ನನ್ನ ಮುಖ ನೋಡದೆ ಇಳಿದುಹೋಗ್ತಾರೆ. ನಮ್ಮಮ್ಮ ಹೋದ್ಮೇಲೆ ನನ್ನನ್ನ ಸಾಕಿದ್ದು ಅವರೇ. ಅಣ್ಣಂಗೂ ನಂಗೂ ಒಂದೇ ಕಾಯಿಲೆ, ಮೂತ್ರಪಿಂಡದ್ದು, ಅಪ್ಪನಿಂದ ಬಂದಿದ್ದು. ಇಬ್ಬರಿಗೂ ಉಪ್ಪಿಲ್ಲದ ಅಡಿಗೆ ಮಾಡಿ ಮಾಡಿ ಅವರ ನಾಲಿಗೇನೂ ಸತ್ತುಹೋಗಿದೆ. ಅಂಥವರು ನನ್ನನ್ನ ಕೊಲೆಗಾರ ಅಂದ್ಕೊಂಡಿದ್ದಾರಲ್ಲ. ಅವರು ಒಂದು ಸಲ ಮಾತಾಡ್ಸಿದ್ರೆ ಸಾಕು, ನಂಗೆ ಬೇರೇನೂ ಬೇಡ."

ಅಳುವ ಗಂಡಸರನ್ನು ಕಂಡರೆ ನನಗೆ ರೇಗುತ್ತದೆ. ಆದರೆ ಆ ಮನುಷ್ಯನನ್ನು ಕಂಡು ಕರುಳು ಚುರುಕ್ ಎಂದದ್ದು ಸುಳ್ಳಲ್ಲ.

ಇಲ್ಲಿ, ಚೀಲಕ್ಕ ಮೂರು ಲೋಟಗಳನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಸಾಲಾಗಿ ಇಟ್ಟು, ಒಂದೊಂದಕ್ಕೂ ಒಂದೊಂದು ಚೀಲ ಇಳಿಬಿಟ್ಟಳು. ಸಣ್ಣ ಕೊಳವೆಯಿಂದ ಗಾಳಿ ಗುಳುಗುಳು ಎನ್ನತೊಡಗಿತು. ಆಕೆ ನನ್ನ ಮೇಲಿನ ಪ್ರೀತಿಯಿಂದ ಇದನ್ನು ಮಾಡುತ್ತಿರಲಿಲ್ಲ. ಮೇಷ್ಟ್ರು ಸಾಯುವ ಮುಂಚಿನ ವಾರ ಆಕೆಯ ಪ್ರಯೋಗಗಳೆಲ್ಲ ಕೈಕೊಟ್ಟಿದ್ದವು. ಕರುಳನ್ನು ತಣ್ಣಗಿಡದೆ ಸಾಯಿಸಿದ್ದೀಯಾ ಎಂದು ಸಣ್ಣ ಮೇಷ್ಟ್ರು, ಅಂದರೆ ಮೇಷ್ಟ್ರ ನಂತರದ ಸ್ಥಾನದಲ್ಲಿದ್ದ ಮನುಷ್ಯ, ಎಲ್ಲರೆದುರು ಗದರಿದ್ದರು. ಚೀಲಕ್ಕನಿಗೆ ಆ ಮಾತು ಇನ್ನೂ ಉರಿಯುತ್ತಿತ್ತು. ತಪ್ಪು ಕರುಳಿನದೋ ಉಪ್ಪಿನದೋ ಎಂದು ನೋಡಿಯೇಬಿಡುವ ಹಟ ಹಿಡಿದಿದ್ದಳು.

"ಮೊದಲನೇ ಲೋಟದಲ್ಲಿ ಸೋಡಿಯಂ ಉಪ್ಪು, ನಮ್ಮ ಅಡಿಗೆ ಉಪ್ಪೇ, ಹೊಸ ಪೊಟ್ಟಣದ್ದು," ಎಂದಳು. "ಎರಡನೇದರಲ್ಲಿ ಅದರ ಬದಲು ಪೊಟ್ಯಾಸಿಯಂ ಉಪ್ಪು. ಮೂರನೇದರಲ್ಲೂ ಪೊಟ್ಯಾಸಿಯಮ್ಮೇ, ಆದ್ರೆ ಸ್ವಲ್ಪ ಹುಳಿ ಮಾಡಿದೀನಿ. ಮೂರಕ್ಕೂ ಒಂದೇ ಅಮೈನೋ ಆಮ್ಲ, ಗ್ಲೈಸಿನ್."

"ಉಪ್ಪು ಬದಲಾದ್ರೆ ಏನಾಗುತ್ತೆ?"

"ಈ ಗೋಡೇಲಿ ಬಾಗಿಲುಗಳಿವೆ. ಎಷ್ಟೋ ಬಾಗಿಲು ಸೋಡಿಯಂ ಬಂದ್ರೆ ಮಾತ್ರ ತೆಗೆಯುತ್ತೆ. ಸೋಡಿಯಂ ಒಳಗೆ ನುಗ್ಗುವಾಗ ಅಮೈನೋ ಆಮ್ಲದ ಕೈ ಹಿಡ್ಕೊಂಡೇ ನುಗ್ಗುತ್ತೆ. ಪೊಟ್ಯಾಸಿಯಂಗೆ ಆ ವಿದ್ಯೆ ಗೊತ್ತಿಲ್ಲ. ಆದ್ರೆ ಒಂದೆರಡು ಬಾಗಿಲು ಬೇರೆ ಥರ. ಹೊರಗಡೆ ಹುಳಿ ಜಾಸ್ತಿ ಇದ್ರೆ ಆ ಹುಳೀನೇ ಗ್ಲೈಸಿನ್ನ ಕೈ ಹಿಡಿದು ಒಳಗೆ ಕರ್ಕೊಂಡು ಹೋಗುತ್ತೆ."

ಹುಳಿಯಿಂದ ಯಾರಿಗಾದರೂ ಉಪಕಾರವಾಗುತ್ತದೆ ಎಂದು ನಾನು ಕೇಳಿದ್ದು ಅದೇ ಮೊದಲು.

"ಹಾಗಾದ್ರೆ ಪೊಟ್ಯಾಸಿಯಂ ತಿಂದವರಿಗೆ ಊಟ ಮೈಗೆ ಹತ್ತಲ್ವಾ?"

"ಅಯ್ಯೋ, ಹಾಗಲ್ಲ. ಹೊಟ್ಟೆಯೊಳಗಿನ ಕರುಳು ಜಾಣ. ತನಗೆ ಬೇಕಾದ ಸೋಡಿಯಂನ ರಕ್ತದಿಂದ ತಾನೇ ಸುರಿಸ್ಕೊಳ್ಳುತ್ತೆ. ಲೋಟದಲ್ಲಿರೋ ಈ ಬಡಪಾಯಿಗೆ ನಾನು ಹಾಕಿದ್ದೇ ಗತಿ."

ಚೀಲಗಳು ಮುಳುಗಿ ಕೂತಿರುವಷ್ಟು ಹೊತ್ತು ನಾನು ಕೋಣೆಯನ್ನು ನೋಡಿದೆ. 'ಇಲ್ಲಿ ತಿನ್ನುವುದು, ಕುಡಿಯುವುದು ನಿಷೇಧ' ಎಂಬ ಫಲಕ. ಅದರ ಸರಿಯಾಗಿ ಕೆಳಗೆ ಒಂದು ಗಾಜಿನ ಲೋಟ, ನಿಂಬೆಹಣ್ಣು ಹಿಂಡುವ ಮರದ ಒತ್ತು, ಉದ್ದ ಹಿಡಿಯ ಚಮಚ. ಗೋಡೆಯಲ್ಲಿ ಒಂದು ಕೊಕ್ಕೆ.

"ಇದೆಲ್ಲ ಯಾರದು?"

"ಮೇಷ್ಟ್ರದು. ಫಲಕ ಹಾಕಿಸಿದ್ದೂ ಅವರೇ," ಚೀಲಕ್ಕ ನಕ್ಕಳು, ಕಣ್ಣು ಮಾತ್ರ ಒದ್ದೆಯಾಯಿತು. "ಕೊಕ್ಕೆಗೆ ಊಟದ ಡಬ್ಬಿ ನೇತುಹಾಕ್ತಿದ್ರು. ದಿನಾ ಮಧ್ಯಾಹ್ನ ಅವರ ಮನೆಯವರು, ನಮ್ಮ ಪಾಲಿಗೆ ಅಮ್ಮ, ತಂದುಕೊಡೋರು. ಉಪ್ಪಿಲ್ಲದ ಊಟ. ಅಮ್ಮ ಆ ಕಡೆ ಹೋಗೋದೇ ತಡ, ಇವರು ನಿಂಬೆಹಣ್ಣು ಹಿಂಡಿ, ನಮ್ಮ ಕಪಾಟಿನ ಉಪ್ಪು ಸುರ್ಕೊಂಡು ಕುಡಿಯೋರು. ಒಂದು ಲೋಟ ಅಲ್ಲ, ಸಂಜೆವರೆಗೂ. ಕದ್ದು ಕುಡಿಯೋ ರುಚಿ ನಿನಗೆ ಗೊತ್ತಿಲ್ಲ ಕಣೇ ಅಂತ ನಂಗೇ ಹೇಳೋರು."

"ಕೊನೇ ವಾರಾನೂ ಕುಡಿದ್ರಾ?"

"ಮುಖ ಕಿವುಚ್ಕೊಂಡು ಕುಡಿದ್ರು. ಈ ಸಲದ ನಿಂಬೆಹಣ್ಣೆಲ್ಲ ಕಹಿ ಅಂತ ಹಣ್ಣಿನವನನ್ನ ಬೈದಿದ್ದೇ ಬೈದಿದ್ದು."

ನನ್ನ ಕಿವಿ ನಿಮಿರಿತು. "ಪೊಟ್ಯಾಸಿಯಂ ಉಪ್ಪಿನ ರುಚಿ ಹೇಗಿರುತ್ತೆ?"

ಚೀಲಕ್ಕ ಬಾಯಿ ತೆರೆದವಳು ಹಾಗೇ ನಿಂತಳು.

"ಉಪ್ಪುಪ್ಪಾಗಿ," ಎಂದಳು ನಿಧಾನವಾಗಿ, "ಹಿಂದೆಯೇ ಕಹಿ."

ಆಕೆ ಚೀಲಗಳನ್ನು ಎತ್ತಿ, ಒರೆಸಿ, ಕತ್ತರಿಸಿ, ಒಳಗಿನ ದ್ರಾವಣವನ್ನು ಮೂರು ನಳಿಕೆಗಳಿಗೆ ಇಳಿಸಿದಳು. ಒಂದು ಸೀಸೆಯಿಂದ ಹನಿ ಹನಿಯಾಗಿ ಏನನ್ನೋ ಹಾಕಿ ಕುದಿನೀರಿನಲ್ಲಿ ನಿಲ್ಲಿಸಿದಳು. ಸೀಸೆಯ ಮೇಲಿನ ಹೆಸರು ಓದಿದೆ. ನಿನ್‌ಹೈಡ್ರಿನ್. ಇದು ನನಗೂ ಹಳೆಯ ಪರಿಚಯ. ಕಾಗದದ ಮೇಲಿನ ಬೆರಳಚ್ಚು ಎಬ್ಬಿಸಲು ಪೊಲೀಸರು ಸಿಂಪಡಿಸುವುದು ಇದನ್ನೇ. ಬೆರಳಿನ ಬೆವರಲ್ಲೂ ಅಮೈನೋ ಆಮ್ಲ ಇರುತ್ತದೆ, ಅದು ಸಿಕ್ಕಲ್ಲೆಲ್ಲ ಇದು ನೇರಳೆಯಾಗುತ್ತದೆ.

ಮೊದಲ ನಳಿಕೆ ನೋಡನೋಡುತ್ತ ಗಾಢ ನೇರಳೆಯಾಯಿತು. ಎರಡನೆಯದು ಬಣ್ಣ ಬಂತೋ ಇಲ್ಲವೋ ಎನ್ನುವಷ್ಟು ತೆಳು. ಮೂರನೆಯದು, ಹುಳಿ ಹಾಕಿದ್ದು, ಎರಡರ ನಡುವೆ ನಿಂತಿತು.

ಚೀಲಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು.

"ಆ ವಾರ ಹೀಗೇ ಬಂದಿತ್ತು ಮೇಡಂ. ಬರೀ ದ್ರಾವಣದಲ್ಲಿ ಏನೂ ಇಲ್ಲ. ಹುಳಿ ಮಾಡಿದ್ದರಲ್ಲಿ ಅಷ್ಟೋ ಇಷ್ಟೋ. ಸತ್ತ ಕರುಳಾಗಿದ್ರೆ ಹುಳಿ ಹಾಕಿದ್ರೂ ಒಂದೇ, ಹಾಕದಿದ್ರೂ ಒಂದೇ. ನನ್ನ ಕರುಳು ಬದುಕಿತ್ತು! ಉಪ್ಪೇ ಬೇರೆ ಆಗಿತ್ತು." ಆಕೆಯ ಧ್ವನಿ ಏರಿತು. "ಆದ್ರೆ ನಾನು ಅಣ್ಣನ ಡಬ್ಬಿಗೇ ಕೈ ಹಾಕಿದ್ದು. ದೇವರಾಣೆ, ತಮ್ಮನ ಹತ್ರಕ್ಕೂ ಹೋಗಿಲ್ಲ."

"ಏನಂದ್ರಿ?"

"ಅಣ್ಣನ ಡಬ್ಬಿ ಅಂದೆ." ಆಕೆ ಕಪಾಟಿನ ಕಡೆ ಕೈ ತೋರಿಸಿದಳು. ಅಕ್ಕಪಕ್ಕ ಎರಡು ಬಿಳಿ ಡಬ್ಬಿಗಳು, ಒಂದೇ ಅಳತೆ, ಒಂದೇ ಮುಚ್ಚಳ. ಹಳದಿಗಟ್ಟಿದ ಚೀಟಿಗಳ ಮೇಲೆ ದುಂಡನೆಯ ಅಕ್ಷರ. ಒಂದರ ಮೇಲೆ 'ಅಣ್ಣ', ಇನ್ನೊಂದರ ಮೇಲೆ 'ತಮ್ಮ'. "ಸೋಡಿಯಂ, ಪೊಟ್ಯಾಸಿಯಂ. ಧಾತುಗಳ ಪಟ್ಟಿಯಲ್ಲಿ ಒಂದೇ ಮನೆಯವರು, ಒಬ್ಬ ಮೇಲೆ, ಒಬ್ಬ ಕೆಳಗೆ. ಎರಡೂ ಬಿಳಿ ಪುಡಿ, ನೋಡಿದ್ರೆ ವ್ಯತ್ಯಾಸ ಗೊತ್ತಾಗಲ್ಲ. ನಾನು ಬರೋ ಮುಂಚಿಂದ ಇಲ್ಲಿ ಹೀಗೇ ಕರೆಯೋದು."

ನಾನು ಕೈ ಬಿಚ್ಚಿ ಮೇಜು ಹಿಡಿದುಕೊಂಡೆ. ಅಣ್ಣನ ಮನೇಲಿ ತಮ್ಮ. ಸೋಡಿಯಂ ಇರಬೇಕಾದ ಡಬ್ಬಿಯಲ್ಲಿ ಪೊಟ್ಯಾಸಿಯಂ. ಸಾಯುತ್ತಿದ್ದ ಮೇಷ್ಟ್ರು ಒಡಹುಟ್ಟಿದವನನ್ನು ದೂರಿರಲಿಲ್ಲ. ಕಹಿಯಾದ ನಿಂಬೆಹಣ್ಣನ್ನೂ ಕೆಟ್ಟುಹೋದ ಪ್ರಯೋಗವನ್ನೂ ಕೂಡಿಸಿ ಲೆಕ್ಕ ಬಿಡಿಸಿ, ಉತ್ತರ ಹೇಳಿ ಹೋಗಿದ್ದರು. ನಾವು ಕೇಳಿಸಿಕೊಂಡವರು ದಡ್ಡರಾದೆವು. ಅರ್ಥ ಗೊತ್ತಿದ್ದ ಚೀಲಕ್ಕನಿಗೆ ಆ ಮಾತನ್ನು ಯಾರೂ ಹೇಳಿರಲೇ ಇಲ್ಲ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಕನ್ನಡಕದವರಿಗೆ ಆಗಲೇ ಫೋನ್ ಮಾಡಬೇಕೆನಿಸಿತು. ಆದರೆ ಬಾಯಿಮಾತಿಗೆ ಠಾಣೆಯಲ್ಲಿ ಬೆಲೆ ಇಲ್ಲ.

"ಅಣ್ಣನ ಡಬ್ಬಿ ತೆಗೀರಿ. ಈಗ ಅದರಲ್ಲಿ ಯಾರಿದ್ದಾರೆ ನೋಡೋಣ."

ಚೀಲಕ್ಕ ತಂತಿಯ ತುದಿಯಲ್ಲಿ ಒಂದಿಷ್ಟು ಪುಡಿ ಎತ್ತಿ ಬರ್ನರ್ ಜ್ವಾಲೆಗೆ ಹಿಡಿದಳು. ಪೊಟ್ಯಾಸಿಯಂ ಆದರೆ ಜ್ವಾಲೆ ತಿಳಿ ನೇರಳೆ. ಇದು ಝಗ್ಗನೆ ಹಳದಿಯಾಯಿತು.

"ಸೋಡಿಯಂ," ಎಂದಳು ಪೆಚ್ಚಾಗಿ. ಆಮೇಲೆ ಡಬ್ಬಿಯೊಳಗೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು. "ಆದ್ರೆ ಇದು ಅರ್ಧಕ್ಕೆ ಬಂದಿತ್ತು ಮೇಡಂ. ಈಗ ಕಂಠಮಟ್ಟ ಇದೆ."

"ಯಾರ ಅಪ್ಪಣೆ ಮೇಲೆ ಅದನ್ನ ತೆಗೆದಿದ್ದು?"

ಬಾಗಿಲಲ್ಲಿ ಸಣ್ಣ ಮೇಷ್ಟ್ರು ನಿಂತಿದ್ದರು. ಇಸ್ತ್ರಿ ಮುರಿಯದ ಬಿಳಿ ಕೋಟು, ಸಪ್ಪಳವಾಗದ ಚಪ್ಪಲಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಅವರ ಕಣ್ಣು ನನ್ನ ಮೇಲಿರಲಿಲ್ಲ, ಡಬ್ಬಿಯ ಮೇಲಿತ್ತು.

"ಬನ್ನಿ, ನಿಮ್ಮನ್ನೇ ಹುಡುಕಿಕೊಂಡು ಬರೋಳಿದ್ದೆ," ಎಂದೆ. "ಅಣ್ಣನ ಹೊಟ್ಟೆ ತುಂಬಿಸಿದ್ದು ನೀವೇ ತಾನೆ?"

"ಏನು ಮಾತಾಡ್ತಿದ್ದೀರಿ? ಹೊರಗಿನವರಿಗೆ ಇಲ್ಲಿ ಪ್ರವೇಶ ಇಲ್ಲ. ದಯವಿಟ್ಟು ಹೋಗಿ."

"ಹೋಗ್ತೀನಿ. ನೇರ ಠಾಣೆಗೆ. ಪೊಲೀಸರು ನಿಮ್ಮನ್ನೂ ಕೇಳಿದ್ರಲ್ಲ, ಅಣ್ಣನ ಮನೇಲಿ ತಮ್ಮ ಅಂದ್ರೇನು ಅಂತ. ಏನಂದ್ರಿ?"

"ಗೊತ್ತಿಲ್ಲ ಅಂದೆ."

"ದಿನಾ ಕೈಯಲ್ಲಿ ಹಿಡಿಯೋ ಡಬ್ಬಿ ಹೆಸರು ಗೊತ್ತಿಲ್ವಾ?"

ಅವರು ಚೀಲಕ್ಕನ ಕಡೆ ನೋಡಿದರು. ಆಕೆ ನೋಟ ತಪ್ಪಿಸಲಿಲ್ಲ.

"ಸರ್, ನನ್ನ ಕರುಳು ಸತ್ತಿರಲಿಲ್ಲ," ಎಂದಳು. "ನಿಮಗೂ ಅದು ಗೊತ್ತಿತ್ತು. ಅಲ್ವಾ?"

ಸಣ್ಣ ಮೇಷ್ಟ್ರು ಕೋಟಿನ ಗುಂಡಿಯನ್ನು ತಿರುಗಿಸುತ್ತ ನಿಂತರು. ಕೊನೆಗೆ ಗುಂಡಿಯೇ ಕಿತ್ತು ಕೈಗೆ ಬಂತು.

"ಮೊದಲು ಗೊತ್ತಿರಲಿಲ್ಲ," ಎಂದರು. "ಮೇಷ್ಟ್ರು ಹೋದ ಮಾರನೇ ದಿನ ಅವರ ಕೊನೇ ಮಾತು ಕಿವಿಗೆ ಬಿತ್ತು. ಬಂದು ಆ ಡಬ್ಬಿಯಿಂದ ಒಂದು ಹರಳು ನಾಲಿಗೆ ಮೇಲಿಟ್ಕೊಂಡೆ. ಕಹಿ. ಎಲ್ಲಾ ಸಿಂಕಿಗೆ ಸುರಿದು, ತೊಳೆದು, ಹೊಸದು ತುಂಬಿಸಿದೆ."

"ಸಾಕ್ಷಿ ತೊಳೆದುಬಿಟ್ಟಿರಿ."

"ಕಪಾಟಿನ ಹೊಣೆ ನಂದು. ಹಗಲು ತೆಗೆದೇ ಇದ್ರೂ ಕೀಲಿಕೈ ನನ್ನ ಹತ್ರ. ಮೇಷ್ಟ್ರ ಕುರ್ಚಿ ನಂಗೇ ಬರೋದು. ಯಾರು ನಂಬ್ತಿದ್ರು ಹೇಳಿ?"

"ಅದಕ್ಕೆ ಏನೂ ಅರಿಯದ ಮುದುಕನ್ನ ಗಲ್ಲಿಗೆ ಕಳಿಸೋಣ ಅಂದ್ಕೊಂಡ್ರಾ?" ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. "ಆ ಮನುಷ್ಯ ಇವತ್ತು ಬೆಳಿಗ್ಗೆ ನನ್ನೆದುರು ಮಗು ಥರ ಅತ್ತಿದ್ದಾರೆ. ನಿಮ್ಮ ಒಂದು ಮಾತಿಗೆ ಅದು ನಿಲ್ತಿತ್ತು!"

"ನಾನು ಹೇಡಿ ಇರಬಹುದು ಮೇಡಂ. ಕೊಲೆಗಾರ ಅಲ್ಲ."

ನಾನು ನಂಬಲಿಲ್ಲ. ಸಿಂಕಿಗೆ ಉಪ್ಪು ಸುರಿದವನು ಡಬ್ಬಿಗೂ ಸುರಿದಿರಬಹುದು. ಕುರ್ಚಿಯಂಥ ಕಾರಣವೂ ಇತ್ತು, ಕೀಲಿಕೈಯಂಥ ಅನುಕೂಲವೂ ಇತ್ತು.

"ಸ್ವಲ್ಪ ಯೋಚಿಸಿ," ಅವರು ಈಗ ಬೇಡುವ ದನಿಯಲ್ಲಿ ಹೇಳಿದರು. "ನಾನೇ ಮಾಡಿದ್ರೆ ಡಬ್ಬಿಗೆ ಯಾಕೆ ಹಾಕ್ಲಿ? ಅಲ್ಲಿಂದಾನೇ ಚೀಲದ ದ್ರಾವಣಕ್ಕೂ ಉಪ್ಪು ಹೋಗುತ್ತೆ. ಸೋಡಿಯಂ ಇಲ್ಲದಿದ್ರೆ ಗ್ಲೈಸಿನ್ ದಾಟಲ್ಲ, ಮೊದಲನೇ ದಿನಾನೇ ಗುಟ್ಟು ರಟ್ಟಾಗುತ್ತೆ. ಇಲ್ಲಿ ಕೆಲಸ ಮಾಡೋ ಯಾರೇ ಆದ್ರೂ ಅವರ ಲೋಟಕ್ಕೆ ಹಾಕ್ತಿದ್ರು, ಡಬ್ಬಿಗಲ್ಲ."

ಚೀಲಕ್ಕ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದಳು. "ಅದು ನಿಜ ಮೇಡಂ. ನಮ್ಮಲ್ಲಿ ಯಾರೂ ಆ ತಪ್ಪು ಮಾಡಲ್ಲ."

ಮಾತಿನಲ್ಲಿ ತಿರುಳಿತ್ತು. ಕೊಲೆಗಾರನಿಗೆ ಅಣ್ಣ ಯಾರು, ತಮ್ಮ ಯಾರು ಎಂದು ಗೊತ್ತು. ಮೇಷ್ಟ್ರು ಅಲ್ಲಿಂದ ಉಪ್ಪು ಕದಿಯುತ್ತಾರೆಂದೂ ಗೊತ್ತು. ಗೊತ್ತಿಲ್ಲದ್ದು ಒಂದೇ, ಮಗುಚಿದ ಕರುಳು ಸಾಕ್ಷಿ ಹೇಳುತ್ತದೆ ಎನ್ನುವುದು. ಒಳಗಿನವರಷ್ಟು ತಿಳಿದ ಹೊರಗಿನವರು ಯಾರು?

"ಈ ಚೀಲದ ಕೆಲಸ ಇಲ್ಲಿ ಮೊದಲಿಂದಾನೂ ಇತ್ತಾ?"

"ಇಲ್ಲ," ಎಂದರು ಸಣ್ಣ ಮೇಷ್ಟ್ರು. "ಹಿಂದೆ ಇಲ್ಲಿ ಹಾಲು, ನೀರು ಪರೀಕ್ಷೆ ಮಾಡ್ತಿದ್ರಂತೆ. ಕರುಳಿನ ಕೆಲಸ ಆಮೇಲೆ ಬಂದಿದ್ದು."

"ಡಬ್ಬಿಗಳ ಹೆಸರು?"

"ಆ ಹಾಲಿನ ಕಾಲದ್ದೇ."

ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ದುಂಡು ಅಕ್ಷರ, ಒತ್ತಕ್ಷರಕ್ಕೆ ಒಂದು ಪುಟ್ಟ ಸುರುಳಿ. ಎಷ್ಟೋ ವರ್ಷ ಕಳೆದು ಇಷ್ಟು ಹಳದಿಯಾದರೂ ಯಾರಿಗೂ ಕಿತ್ತು ಹಾಕಲು ಮನಸ್ಸಾಗದಷ್ಟು ಮುದ್ದಾದ ಬರಹ.

"ಇದು ಯಾರ ಅಕ್ಷರ?"

"ಅಮ್ಮಂದು," ಎಂದಳು ಚೀಲಕ್ಕ, ನನಗೆ ಗೊತ್ತಿದ್ದದ್ದನ್ನೇ ಹೇಳುವಂತೆ. "ಮೇಷ್ಟ್ರ ಹೆಂಡತಿ. ಮದುವೆಗೆ ಮುಂಚೆ ಅವರು ಇಲ್ಲೇ ಕೆಲಸದಲ್ಲಿದ್ರಲ್ಲ. ಅಣ್ಣ, ತಮ್ಮ ಅಂತ ಹೆಸರಿಟ್ಟವರೇ ಅವರು. ಆ ಹೆಸರು ಕೇಳಿ ನಗ್ತಾನೇ ಮೇಷ್ಟ್ರು ಅವರನ್ನ ಮೆಚ್ಚಿದ್ದಂತೆ."

ಅವರ ತಮ್ಮ ನಮ್ಮ ಮನೇಲೇ ಇರೋದು. ನರ್ಸಿಗೆ ಆಕೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸೆರಗಿನ ಮರೆಯಲ್ಲಿ ಆ ಮುಖ ಹೇಗಿತ್ತು ಎಂದು ಮಾತ್ರ ಯಾರೂ ನೋಡಿರಲಿಲ್ಲ.

ಯಾಕೆ ಎಂಬ ಪ್ರಶ್ನೆ ಬಾಯಿಗೆ ಬರುವಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಕನ್ನಡಕದವರು.

"ನೋಡಮ್ಮಾ, ನಿಂಗೇ ಮೊದಲು ಹೇಳೋಣ ಅನ್ನಿಸ್ತು," ಅವರ ದನಿ ಹಿಗ್ಗಿಹೋಗಿತ್ತು. "ಅತ್ತಿಗೆ ಮಾತಾಡಿದ್ರು! ಮೆಟ್ಟಿಲು ಹತ್ತಿ ನನ್ನ ಕೋಣೆವರೆಗೂ ಬಂದ್ರು. ಸರಿಯಾಗಿ ಊಟ ಮಾಡದೆ ಸೊರಗಿದೀಯಲ್ಲೋ, ನಾಳೆ ಠಾಣೆಗೆ ಬೇರೆ ಹೋಗ್ಬೇಕು ಅಂತ ತಲೆ ಸವರಿದ್ರು. ನಂಗೆ ಇನ್ನೇನು ಬೇಕಮ್ಮಾ?"

"ಈಗ ಎಲ್ಲಿದ್ದಾರೆ ಅವರು?"

"ಇಲ್ಲೇ ಎದುರಿಗೇ ಕೂತಿದ್ದಾರೆ. ಕೈಯಾರೆ ಶರಬತ್ತು ಮಾಡ್ಕೊಂಡು ಬಂದಿದ್ದಾರೆ. ಇವತ್ತೊಂದಿನ ಪಥ್ಯ ಬಿಡು ಅಂತ ಉಪ್ಪೂ ಹಾಕಿದ್ದಾರೆ ನೋಡು. ಉಪ್ಪು ನಾಲಿಗೆಗೆ ತಾಗಿ ಎಷ್ಟು ಕಾಲ ಆಯ್ತೋ!"

"ಕುಡಿದ್ರಾ?" ನಾನು ಕೂಗಿದೆ. "ಲೋಟ ಕೆಳಗಿಡಿ! ಎಷ್ಟು ಕುಡಿದ್ರಿ?"

"ಇದು ಎರಡನೇ ಲೋಟ," ಎಂದರು ಕನ್ನಡಕದವರು. ಆಮೇಲೆ, ಎದುರಿಗೆ ಕೂತವರಿಗೆ ಬೇಸರವಾಗಬಾರದೆಂದು ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ ಸೇರಿಸಿದರು. "ನಿಂಬೆಹಣ್ಣು ಮಾತ್ರ ಯಾಕೋ ಸ್ವಲ್ಪ ಕಹಿ."